ಮಾಚಾ ಲಾಟೆಗೆ ಕುದಿಯುವ ನೀರೂ ಬೇಡ, ಗಟ್ಟಿ ಕಾಯಿಹಾಲೂ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಅಡುಗೆ ಪುಟದಲ್ಲಿ ಐಸ್ಡ್ ಮಾಚಾ ಲಾಟೆಯನ್ನು, ಅಂದರೆ ಜಪಾನಿನ ಹಸಿರು ಚಹಾಪುಡಿಗೆ ಹಾಲು, ಐಸ್ ಬೆರೆಸಿದ ಪಾನೀಯವನ್ನು, ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ಒಂದು ಚಮಚ ಮಾಚಾ ಪುಡಿಗೆ ಕುದಿಯುವ ನೀರು ಹಾಕಿ, ಐಸ್ ತುಂಬಿದ ಲೋಟಕ್ಕೆ ಸುರಿದು, ಮೇಲೆ ತೆಂಗಿನಹಾಲು ಬೆರೆಸಿ ಕುಡಿಯಿರಿ ಎಂದಿದೆ. ಅದನ್ನು ನಂಬಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಯಾರಾದರೂ ದುಬಾರಿ ಡಬ್ಬಿ ತರಿಸಿ ಮಾಡಿದರೆ ಸಿಗುವುದು ಹಳದಿಗೆ ತಿರುಗಿದ ಕಹಿ ನೀರು, ತಳದಲ್ಲಿ ಪುಡಿಯ ಗಂಟು, ಮೇಲೆ ಬಿಳಿ ಕೊಬ್ಬಿನ ಚೂರು. ಆಮೇಲೆ ಎಲ್ಲರೂ ಬೈಯುವುದು ಪುಡಿಯನ್ನು. ಕೆಡಿಸಿದ್ದು ಬಹುಮಟ್ಟಿಗೆ ನೀರು ಮತ್ತು ಹಾಲು.

ಡೇರಿಯ ಹಾಲಿಗೇ ಹೆಸರಾದ ಹಾಸನ ಜಿಲ್ಲೆಯಲ್ಲಿ ಕೂತು ಸಸ್ಯಜನ್ಯ ಹಾಲಿನ ಬಗ್ಗೆ ಪತ್ರ ಬರೆಯುವುದು ಕೆಲವರಿಗೆ ತಮಾಷೆಯಾಗಿ ಕಾಣಬಹುದು. ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸಿಕೊಳ್ಳುವವರು ಹಾಲಿನ ಜಿಲ್ಲೆಯಲ್ಲೂ ಇದ್ದಾರೆ. ಹಾಲು-ಮೊಸರು ಬಿಟ್ಟವರೂ ಇದ್ದಾರೆ. ಅವರಿಗೆ ಅರ್ಧಂಬರ್ಧ ವಿಧಾನ ಕೊಡುವುದು ಸರಿಯಲ್ಲ.

ಮೊದಲು ಪುಡಿ. ಮಾಚಾ ಎಂದರೆ ಜಪಾನಿನಲ್ಲಿ ಕೊಯ್ಲಿಗೆ ಮುಂಚೆ ಮೂರು ವಾರಗಳಷ್ಟು ಕಾಲ ನೆರಳು ಕಟ್ಟಿ ಬೆಳೆಸಿದ ಚಹಾ ಎಲೆ. ನೆರಳಿನಲ್ಲಿ ಎಲೆಯ ಹಸಿರು ಗಾಢವಾಗುತ್ತದೆ, ರುಚಿಗೆ ಸಿಹಿ ಕೊಡುವ ಥಿಯಾನಿನ್ ಹೆಚ್ಚು ಉಳಿಯುತ್ತದೆ. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ಕಡ್ಡಿ-ನರ ತೆಗೆದು, ಕಲ್ಲಿನ ಬೀಸುವ ಯಂತ್ರದಲ್ಲಿ ನಿಧಾನವಾಗಿ ಪುಡಿ ಮಾಡುತ್ತಾರೆ. ಒಂದು ಕಲ್ಲಿನಿಂದ ಗಂಟೆಗೆ 30-40 ಗ್ರಾಂ ಬಂದರೆ ಹೆಚ್ಚು. ಕ್ಯೋಟೋ ಬಳಿಯ ಉಜಿ, ಐಚಿ ಪ್ರಾಂತ್ಯದ ನಿಶಿಯೊ, ದಕ್ಷಿಣದ ಕಾಗೊಶಿಮಾ ಇದಕ್ಕೆ ಹೆಸರಾದ ಜಾಗಗಳು. ಬೇಡಿಕೆ ಏರಿ 2024ರ ಕೊನೆಗೆ ಕ್ಯೋಟೋದ ಹಳೆಯ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಮಿತಿ ಹಾಕಿದವು. ಬೆಲೆ ಯಾಕಿಷ್ಟು ಎನ್ನುವವರಿಗೆ ಇಷ್ಟು ಸಾಕು.

ಸಂಸೆ, ಕೆಳಗೂರು ಕಡೆ ಚಹಾ ತೋಟಗಳಿರುವ ಚಿಕ್ಕಮಗಳೂರು ನಮ್ಮ ಪಕ್ಕದ ಜಿಲ್ಲೆ. ಗ್ರೀನ್ ಟೀ ಎಲೆಯನ್ನೇ ಮಿಕ್ಸಿಗೆ ಹಾಕಿ ಪುಡಿ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಬಿಸಿಲಲ್ಲಿ ಬೆಳೆದ ಎಲೆಗೆ ಒಗರು ಜಾಸ್ತಿ, ಕಡ್ಡಿ-ನರವೂ ಜೊತೆಗೇ ಇರುತ್ತದೆ, ಮಿಕ್ಸಿಯ ಬ್ಲೇಡು ಎಷ್ಟು ತಿರುಗಿದರೂ ಕಲ್ಲಿನ ನಯ ಬರುವುದಿಲ್ಲ. ಕುಡಿದರೆ ಗಂಟಲಿಗೆ ತರಿತರಿ ಹತ್ತುತ್ತದೆ. ಗ್ರೀನ್ ಟೀಯನ್ನು ಗ್ರೀನ್ ಟೀಯಾಗಿಯೇ ಕುಡಿಯಿರಿ.

ಡಬ್ಬಿಯ ಮೇಲಿನ ‘ಸೆರಿಮೋನಿಯಲ್’ (ಬರೀ ನೀರಿನಲ್ಲಿ ಕುಡಿಯುವುದು), ‘ಕಲಿನರಿ’ (ಅಡುಗೆಗೆ ಬಳಸುವುದು) ಎಂಬ ದರ್ಜೆಗಳು ಮಾರುವವರು ಇಟ್ಟುಕೊಂಡ ಹೆಸರುಗಳು. ಜಪಾನಿನಲ್ಲಿ ಅವಕ್ಕೆ ಕಾನೂನಿನ ಅಳತೆಗೋಲಿಲ್ಲ. ಹಾಲು, ಸಕ್ಕರೆ ಸೇರುವ ಲಾಟೆಗೆ ಅತಿ ದುಬಾರಿಯದು ದಂಡ, ಅತಿ ಅಗ್ಗದ್ದು ಕಹಿ, ನಡುವಿನದು ಸಾಕು. ಚಿಟಿಕೆ ಪುಡಿಯನ್ನು ಬಿಳಿ ಕಾಗದದ ಮೇಲಿಟ್ಟು ಬೆರಳಿನಿಂದ ಎಳೆಯಿರಿ. ಗೆರೆ ಹಸಿರಾಗಿ, ನುಣ್ಣಗೆ ಬಂದರೆ ಸರಿ. ಕಂದು-ಹಳದಿ ಬಂದರೆ ಹಳೆಯ ಸರಕು. ‘ಮಾಚಾ ಲಾಟೆ ಮಿಕ್ಸ್’ ಎಂದಿರುವ ಪೊಟ್ಟಣದಲ್ಲಿ ಸಕ್ಕರೆಯೂ ಎಷ್ಟೋ ಬಾರಿ ಹಾಲಿನ ಪುಡಿಯೂ ಇರುತ್ತದೆ. ಹಾಲು ಬಿಟ್ಟವರು ಹಸಿರು ಚುಕ್ಕೆ ನೋಡಿ ಸಮಾಧಾನಪಡಬೇಡಿ, ಹಾಲು ಸೇರಿದ ಪದಾರ್ಥಕ್ಕೂ ಹಸಿರು ಚುಕ್ಕೆಯೇ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರಾಣಿಜನ್ಯವಾದದ್ದೇನೂ ಇಲ್ಲದ ವೀಗನ್ ಆಹಾರಕ್ಕೆಂದೇ ನಿಯಮ ತಂದು ಬೇರೆ ಗುರುತು ಕೊಟ್ಟಿದೆ. ಅದನ್ನು ನೋಡಿ, ಇಲ್ಲವೇ ಪದಾರ್ಥಗಳ ಪಟ್ಟಿ ಓದಿ.

30 ಗ್ರಾಂ ಡಬ್ಬಿಗಿಂತ ದೊಡ್ಡದು ತರಬೇಡಿ. ತೆರೆದ ಮೇಲೆ ಗಾಳಿ, ಬೆಳಕು, ತೇವ ಮೂರೂ ಅದಕ್ಕೆ ವೈರಿಗಳು, ಸಕಲೇಶಪುರ-ಮೂಡಿಗೆರೆ ಕಡೆಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಒಂದು, ಒಂದೂವರೆ ತಿಂಗಳಲ್ಲಿ ಮುಗಿಸಿ. ಮೊದಲ ಬಾರಿ ಸೀಲು ಒಡೆಯುವ ಮುನ್ನ ಡಬ್ಬಿಯನ್ನು ಹೊರಗಿಟ್ಟು ತಣುಪು ಬಿಡಿಸಿ. ತಣ್ಣಗಿರುವಾಗಲೇ ತೆರೆದರೆ ಹೊರಗಿನ ತೇವ ಒಳಗೆ ಹನಿಗಟ್ಟಿ ಪುಡಿ ಹೆಪ್ಪಾಗುತ್ತದೆ. ಆಮೇಲೆ ದಿನಾ ತೆಗೆಯುವಾಗ ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿಡಿ. ಇದು ವಾಸನೆಯನ್ನೂ ಬೇಗ ಹೀರುವ ಪುಡಿ. ಕಳಲೆ, ಒಣಮೀನು ಇಟ್ಟ ಫ್ರಿಜ್ಜಾದರೆ ಡಬ್ಬಿಯನ್ನು ಇನ್ನೊಂದು ಡಬ್ಬಿಯೊಳಗೆ ಇಡಿ.

ಇನ್ನು ನೀರು. ಮಾಚಾಕ್ಕೆ 70ರಿಂದ 80 ಡಿಗ್ರಿ ಬಿಸಿ ಸಾಕು. ಕುದಿಯುವ ನೀರು ಬಿದ್ದರೆ ಒಗರಿನ ಅಂಶಗಳು ಮುಂದೆ ಬಂದು ಸಿಹಿ ಮುಚ್ಚಿಹೋಗುತ್ತದೆ. ಬಿಸಿ ಹೆಚ್ಚು ಹೊತ್ತು ಉಳಿದರೆ ಹರಿತ್ತು ತನ್ನೊಳಗಿನ ಮೆಗ್ನೀಸಿಯಂ ಕಳೆದುಕೊಂಡು ಮಾಸಲು ಹಸಿರಾಗುತ್ತದೆ. ನಮ್ಮ ಊರುಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿವೆ, ನೀರು ಇಲ್ಲಿ 96-97 ಡಿಗ್ರಿಗೇ ಕುದಿಯುತ್ತದೆ. ಆ ಮೂರು-ನಾಲ್ಕು ಡಿಗ್ರಿಯ ರಿಯಾಯಿತಿ ಮಾಚಾಕ್ಕೆ ಸಾಲದು. ಥರ್ಮಾಮೀಟರ್ ಇಲ್ಲದವರಿಗೆ ಲೆಕ್ಕ ಸುಲಭ: ಮೂರು ಪಾಲು ಕುದಿದ ನೀರಿಗೆ ಒಂದು ಪಾಲು ಮಾಮೂಲು ಕುಡಿಯುವ ನೀರು ಬೆರೆಸಿ. 78-79 ಡಿಗ್ರಿ ಬರುತ್ತದೆ, ಬಟ್ಟಲಿಗೆ ಹಾಕುವಷ್ಟರಲ್ಲಿ 75ರ ಹತ್ತಿರ ಇಳಿದಿರುತ್ತದೆ.

ನೀರಿನ ಗಡಸುತನವನ್ನೂ ನೋಡಬೇಕು. ಅರಸೀಕೆರೆ, ಕಡೂರು ಕಡೆ ಕೊಳವೆಬಾವಿ ನೀರು ಕುಡಿಯುವ ಮನೆಗಳಲ್ಲಿ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವುದು ಎಲ್ಲರಿಗೂ ಗೊತ್ತು. ಆ ಸುಣ್ಣದಂಶ ಚಹಾದ ರುಚಿಯನ್ನೂ ಬಣ್ಣವನ್ನೂ ಮಂಕು ಮಾಡುತ್ತದೆ. ಫಿಲ್ಟರ್ ನೀರು ಬಳಸಿ. ಇಲ್ಲದಿದ್ದರೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಗಡಸುತನದ ಒಂದು ಪಾಲು ತಳಕ್ಕೆ ಕೂತಿರುತ್ತದೆ. ಐಸಿಗೂ ಅದೇ ನೀರು.

ಮಾಚಾ ನೀರಿನಲ್ಲಿ ಕರಗುವುದಿಲ್ಲ, ತೇಲಿಕೊಂಡಿರುತ್ತದೆ ಅಷ್ಟೇ. ಎಲ್ಲ ಗಂಟು-ರಗಳೆಗೂ ಮೂಲ ಇದೇ. ಅಂಬಲಿಗೆ ರಾಗಿಹಿಟ್ಟನ್ನು ಒಣದಾಗಿಯೇ ಕುದಿನೀರಿಗೆ ಸುರಿಯುವವರುಂಟೇ? ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುತ್ತೇವೆ. ಇಲ್ಲಿಯೂ ಅದೇ ನ್ಯಾಯ. ಒಂದು ಲೋಟಕ್ಕೆ 2 ಗ್ರಾಂ ಪುಡಿ, ಅಂದರೆ ಟೀ ಚಮಚದಲ್ಲಿ ಮಟ್ಟಸವಾಗಿ ಒಂದು. ಹಾಲು ಗಟ್ಟಿಯಿದ್ದರೆ ಒಂದೂವರೆ. ನಿಮ್ಮ ಪುಟದಲ್ಲಿ ಬರೀ ‘ಒಂದು ಚಮಚ’ ಎಂದಿದೆ. ಗೋಪುರ ಕಟ್ಟಿ ತೆಗೆದರೆ 4 ಗ್ರಾಂ ಬರುವುದೂ ಉಂಟು, ಕಹಿಯ ಅರ್ಧ ಕಥೆ ಅಲ್ಲೇ ಇದೆ. ಟೀ ಸೋಸುವ ಸಣ್ಣ ಕಣ್ಣಿನ ಜಾಲರಿಯನ್ನು ಒಣಗಿಸಿ, ಪುಡಿಯನ್ನು ಅದರಲ್ಲಿ ಹಾಕಿ ಚಮಚದ ಬೆನ್ನಿನಿಂದ ಒತ್ತಿ ಬಟ್ಟಲಿಗೆ ಜರಡಿ ಹಿಡಿಯಿರಿ. ಈ ಒಂದು ಕೆಲಸ ಬಿಟ್ಟರೆ ಮುಂದೆ ಎಷ್ಟು ಕಡೆದರೂ ಗಂಟು ಹೋಗುವುದಿಲ್ಲ. ಅದಕ್ಕೆ ಎರಡು ಟೀ ಚಮಚ ನೀರು ಹಾಕಿ ನುಣ್ಣಗೆ ಕಲಸಿ, ಆಮೇಲೆ ಉಳಿದ 30 ಮಿಲಿ ಬಿಸಿನೀರು ಸೇರಿಸಿ ಕಡೆಯಿರಿ. ಒಟ್ಟು ನೀರು 40 ಮಿಲಿ ದಾಟದಿರಲಿ.

ಕಡೆಯಲು ಜಪಾನಿನವರದು ಚಸೆನ್ ಎಂಬ, ಸಣ್ಣ ಕಡ್ಡಿಗಳ ಬಿದಿರಿನ ಕಡಗೋಲು. ನಾರಾ ಪ್ರಾಂತ್ಯದ ತಕಾಯಾಮಾ ಅದಕ್ಕೆ ಪ್ರಸಿದ್ಧ. ಇದ್ದರೆ ಬಿಸಿನೀರಿನಲ್ಲಿ ಒಂದು ನಿಮಿಷ ನೆನೆಸಿ, ಮಣಿಕಟ್ಟಿನಿಂದ ಹಿಂದೆ-ಮುಂದೆ ಆಡಿಸಿ. ಗುಂಡಗೆ ತಿರುಗಿಸಿದರೆ ನೊರೆ ಬರುವುದಿಲ್ಲ, ತಳಕ್ಕೆ ಒತ್ತಿದರೆ ಕಡ್ಡಿ ಮುರಿಯುತ್ತದೆ. ಇಲ್ಲದಿದ್ದರೆ ಕೊರಗಬೇಕಿಲ್ಲ. ಸೆಲ್ ಹಾಕುವ ಸಣ್ಣ ಕೈಕಡೆಯುವ ಯಂತ್ರ 20 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಸಣ್ಣ ಕಡಗೋಲೂ ಆದೀತು, ಬಟ್ಟಲು ಕಿರಿದಾಗಿರಬೇಕು. ಬಾಟಲಿಯಲ್ಲಿ ಹಾಕಿ ಕುಲುಕುವವರು ನೀರನ್ನು ಉಗುರುಬೆಚ್ಚಗಿಟ್ಟು ಬಾಟಲಿ ಅರ್ಧ ಖಾಲಿ ಬಿಡಿ; ಬಿಸಿನೀರಾದರೆ ಒಳಗೆ ಒತ್ತಡ ಏರಿ ಮುಚ್ಚಳ ಹಾರಿ ಅಡುಗೆಮನೆಯ ಗೋಡೆ ಹಸಿರಾಗುತ್ತದೆ. ದೊಡ್ಡ ಮಿಕ್ಸಿ ಜಾರಿಗೆ ಮಾತ್ರ ಹಾಕಬೇಡಿ, 2 ಗ್ರಾಂ ಪುಡಿಯಲ್ಲಿ ಅರ್ಧ ಜಾರಿನ ಗೋಡೆಗೇ ಮೆತ್ತಿಕೊಳ್ಳುತ್ತದೆ.

ಈಗ ಹಾಲು. ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ಮೊದಲು ಕೈ ಹೋಗುವುದು ಕಾಯಿಹಾಲಿಗೇ, ನಿಮ್ಮ ಪುಟದವರೂ ಅದನ್ನೇ ಹಿಡಿದಿದ್ದಾರೆ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿಎಣ್ಣೆ ಬಾಟಲಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಐಸ್ ತುಂಬಿದ ಲೋಟದಲ್ಲಿ ಗಟ್ಟಿ ಕಾಯಿಹಾಲು ಮೇಣದ ಚೂರುಗಳಾಗಿ ತೇಲುತ್ತದೆ, ತುಟಿಗೆ ಜಿಡ್ಡು ಅಂಟುತ್ತದೆ, ತೆಂಗಿನ ಪರಿಮಳ ಮಾಚಾದ ಪರಿಮಳವನ್ನು ನುಂಗುತ್ತದೆ. ಕಾಯಿಹಾಲೇ ಬೇಕೆಂದರೆ ಎರಡನೆಯ ಹಾಲು ಬಳಸಿ: ಮೊದಲ ಗಟ್ಟಿ ಹಾಲನ್ನು ಸಾರು-ಪಾಯಸಕ್ಕೆ ತೆಗೆದಿಟ್ಟು, ಅದೇ ತುರಿಗೆ ಬೆಚ್ಚನೆ ನೀರು ಹಾಕಿ ಮತ್ತೊಮ್ಮೆ ರುಬ್ಬಿ ಹಿಂಡಿ. ಅದನ್ನು ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಟ್ಟರೆ ಮೇಲೆ ಕಟ್ಟುವ ಕೆನೆಯನ್ನು ತೆಗೆದು, ತಳದ್ದನ್ನು ಸೋಸಿ ಹಾಕಬಹುದು. ತಿಳಿಯಾಗಿರುತ್ತದೆ, ಲಾಟೆಯ ದಪ್ಪ ಬರುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ನನ್ನ ಮೊದಲ ಶಿಫಾರಸು ಗೋಡಂಬಿ. 60 ಗ್ರಾಂ ತುಂಡು ಗೋಡಂಬಿ ಸಾಕು, ಇಡಿಯದಕ್ಕೆ ಹೆಚ್ಚು ದುಡ್ಡು ಕೊಡುವುದು ಅನಗತ್ಯ. ತಣ್ಣೀರಲ್ಲಿ ಮೂರು-ನಾಲ್ಕು ಗಂಟೆ ಅಥವಾ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ. ಮಿಕ್ಸಿಯ ಚಟ್ನಿ ಜಾರಿನಲ್ಲಿ 100 ಮಿಲಿ ನೀರಿನೊಂದಿಗೆ ಮೊದಲು ಬೆಣ್ಣೆಯಷ್ಟು ನುಣ್ಣಗೆ ರುಬ್ಬಿ. ಇಲ್ಲಿ ಎಲ್ಲ ನೀರನ್ನೂ ಒಟ್ಟಿಗೆ ಸುರಿದರೆ ತುಂಡುಗಳು ಬ್ಲೇಡಿಗೆ ಸಿಗದೆ ಸುತ್ತುತ್ತವೆ, ತರಿ ಉಳಿಯುತ್ತದೆ. ಆಮೇಲೆ 350 ಮಿಲಿ ತಣ್ಣೀರು, ಚಿಟಿಕೆ ಉಪ್ಪು ಸೇರಿಸಿ ಮತ್ತೊಂದು ಸುತ್ತು. ಸೋಸುವ ಅಗತ್ಯವೇ ಇಲ್ಲ, ಹಿಪ್ಪೆಯೂ ಇಲ್ಲ. ಹಸಿರು ಬಣ್ಣ ಇದರಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ. ಇಟ್ಟರೆ ತಳ ಕಟ್ಟುತ್ತದೆ, ಕುಲುಕಿದರೆ ಸರಿಹೋಗುತ್ತದೆ.

ಅಗ್ಗವೂ ಪ್ರೋಟೀನೂ ಬೇಕೆನ್ನುವವರಿಗೆ ಸೋಯಾ, ಆದರೆ ಕೆಲಸ ಜಾಸ್ತಿ. 100 ಗ್ರಾಂ ಸೋಯಾ ಕಾಳನ್ನು ಎಂಟರಿಂದ ಹತ್ತು ಗಂಟೆ, ಮಲೆನಾಡಿನ ಚಳಿಯಲ್ಲಿ ಹನ್ನೆರಡು ಗಂಟೆ ನೆನೆಸಿ, ಉಜ್ಜಿ ಸಿಪ್ಪೆ ತೆಗೆಯಿರಿ. ಸೋಯಾ ಹಾಲಿನ ಹಸಿಕಾಳಿನ ವಾಸನೆಗೆ ಕಾರಣ ಕಾಳಿನಲ್ಲಿರುವ ಲೈಪಾಕ್ಸಿಜೆನೇಸ್ ಎಂಬ ಕಿಣ್ವ. ಕಾಳು ಒಡೆದು ನೀರು ಸೇರಿದ ತಕ್ಷಣ ಅದು ಕೆಲಸ ಶುರು ಮಾಡುತ್ತದೆ. 80 ಡಿಗ್ರಿ ದಾಟಿದ ನೀರಿನಲ್ಲೇ ರುಬ್ಬಿದರೆ ಅದಕ್ಕೆ ಅವಕಾಶ ಸಿಗುವುದಿಲ್ಲ. ಹಾಗಾಗಿ ಕಾಳಿಗೆ ಮೊದಲು ಕುದಿನೀರು ಸುರಿದು ಐದು ನಿಮಿಷ ಬಿಟ್ಟು ಬಸಿಯಿರಿ, ಮತ್ತೆ 300 ಮಿಲಿ ಕುದಿನೀರಿನಲ್ಲಿ ರುಬ್ಬಿ. ಜಾರು ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ಬಿಟ್ಟುಬಿಟ್ಟು ತಿರುಗಿಸಿ, ಹಬೆ ಹೊಡೆದು ಕೈ ಸುಡುತ್ತದೆ. 500 ಮಿಲಿ ನೀರು ಸೇರಿಸಿ, ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಹಿಂಡಿ, ದೊಡ್ಡ ಪಾತ್ರೆಯಲ್ಲಿ ಒಲೆಗಿಡಿ. ಕುದಿಯುವ ಮುಂಚೆಯೇ ನೊರೆ ಉಕ್ಕಿ ಬರುತ್ತದೆ. ಅದು ಹುಸಿ ಕುದಿ, ಅಲ್ಲಿಗೆ ಇಳಿಸಿಬಿಟ್ಟರೆ ಹಾಲು ಹಸಿಯೇ. ಉರಿ ತಗ್ಗಿಸಿ, ಕೈಯಾಡಿಸುತ್ತ, ನಿಜವಾದ ಕುದಿ ಬಂದ ಮೇಲೆ 12 ನಿಮಿಷ ಬೇಯಿಸಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿದೆ, ಬೇಯಿಸದೆ ಅದು ಹೋಗುವುದಿಲ್ಲ. ಹಿಂಡಿ ಉಳಿದ ಹಿಪ್ಪೆಯನ್ನು ಅಕ್ಕಿರೊಟ್ಟಿ ಹಿಟ್ಟಿಗೆ ಕಲಸಿ ಚೆನ್ನಾಗಿ ಬೇಯಿಸಿ ತಿನ್ನಬಹುದು. ಇಷ್ಟು ಶ್ರಮಕ್ಕೆ ಪ್ರತಿಫಲ ಉಂಟು. ಪ್ರೋಟೀನ್ ಮಾಚಾದ ಒಗರನ್ನು ಕಟ್ಟಿಹಾಕುತ್ತದೆ, ಸೋಯಾ ಲಾಟೆ ನಾಲಿಗೆಗೆ ಮೆದು. ಬಾದಾಮಿ ಹಾಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ, ಅದೇ ಪುಡಿ ಅದರಲ್ಲಿ ಹೆಚ್ಚು ಕಹಿ ಎನಿಸುತ್ತದೆ.

ಓಟ್ಸ್ ಹಾಲು ಲೋಳೆಯಾಯಿತು ಎನ್ನುವ ದೂರು ಸಾಮಾನ್ಯ. ಅಂಗಡಿಯ ಓಟ್ಸ್ ಹಾಲಿಗೆ ಕಿಣ್ವ ಹಾಕಿ ಪಿಷ್ಟವನ್ನು ಸಕ್ಕರೆಯಾಗಿ ಒಡೆದಿರುತ್ತಾರೆ. ಅದಕ್ಕೇ ಅದು ಸಿಹಿ, ತೆಳು. ಮನೆಯಲ್ಲಿ ಆ ಸೌಲಭ್ಯವಿಲ್ಲ, ಆದ್ದರಿಂದ ಪಿಷ್ಟ ಹೊರಗೆ ಬರದ ಹಾಗೆ ನೋಡಿಕೊಳ್ಳಬೇಕು. ದಪ್ಪ ರೋಲ್ಡ್ ಓಟ್ಸ್ 90 ಗ್ರಾಂ (ಮಸಾಲಾ ಓಟ್ಸ್ ಅಲ್ಲ ಎಂದು ಬರೆಯಬೇಕಾದ ಕಾಲವಿದು), ಐಸಿನಷ್ಟು ತಣ್ಣಗಿನ ನೀರು 700 ಮಿಲಿ, ಒಂದು ಟೀ ಚಮಚ ಸೂರ್ಯಕಾಂತಿ ಎಣ್ಣೆ, ಚಿಟಿಕೆ ಉಪ್ಪು. ನೆನೆಸಬೇಡಿ. 25 ಸೆಕೆಂಡು ಮಾತ್ರ ತಿರುಗಿಸಿ, ಬಟ್ಟೆಯಲ್ಲಿ ತಾನಾಗಿ ಇಳಿಯಲು ಬಿಡಿ, ಆಸೆಪಟ್ಟು ಹಿಂಡಿದರೆ ಲೋಳೆಯೂ ಬಂತು. ಇದನ್ನು ಬಿಸಿ ಮಾಡಿದರೆ ಗಂಜಿಯಾಗುತ್ತದೆ. ತಣ್ಣನೆಯ ಲಾಟೆಗೆ ಆ ಭಯವಿಲ್ಲ.

ರಾಗಿ ಹಾಲು ನಮ್ಮದೇ ಅಲ್ಲವೇ ಎನ್ನಬಹುದು. ಪಾನೀಯವಾಗಿ ಚೆನ್ನ, ಮಾಚಾ ಜೊತೆ ಬೇಡ, ಬಣ್ಣ ಕೆಸರು. ಕಡಲೆಕಾಯಿ ಹಾಲಿನ ವಾಸನೆ ಮಾಚಾವನ್ನು ಸೋಲಿಸುತ್ತದೆ.

ಮನೆಯಲ್ಲಿ ಮಾಡಿದ ಯಾವ ಹಾಲೂ ಫ್ರಿಜ್ಜಿನಲ್ಲಿ ಎರಡು-ಮೂರು ದಿನಕ್ಕಿಂತ ಹೆಚ್ಚು ಬೇಡ, ಹುಳಿ ವಾಸನೆ ಬಂದರೆ ಚೆಲ್ಲಿ. ಅಂಗಡಿಯದು ತರುವವರು ಪೊಟ್ಟಣದ ಮೇಲೆ ‘ಡ್ರಿಂಕ್’, ‘ಬೆವರೇಜ್’ ಎಂದು ಹುಡುಕಿ. ಸೋಯಾ, ಓಟ್ಸ್ ಪಾನೀಯಗಳನ್ನು ಹಾಲೆಂಬ ಹೆಸರಿನಲ್ಲಿ ಮಾರಲು ನಿಯಮ ಬಿಡುವುದಿಲ್ಲ. ಸಕ್ಕರೆ ಹಾಕದ್ದನ್ನೇ ಆರಿಸಿ. ಕ್ಯಾಲ್ಸಿಯಂ ಸೇರಿಸಿದ್ದು ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಕುಲುಕಿ. ಮನೆಯ ಸಸ್ಯಹಾಲಿನಲ್ಲಿ ಹಸುವಿನ ಹಾಲಿನಷ್ಟು ಕ್ಯಾಲ್ಸಿಯಂ ಇಲ್ಲ, ಬಿ12 ಇಲ್ಲವೇ ಇಲ್ಲ, ಅದಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು.

ಸಕ್ಕರೆ ಹರಳು ತಣ್ಣನೆಯ ಹಾಲಿನಲ್ಲಿ ಕರಗದೆ ತಳದಲ್ಲೇ ಉಳಿಯುತ್ತದೆ. ಸಮಪಾಲು ಸಕ್ಕರೆ-ನೀರಿನ ಪಾಕ ಮಾಡಿಟ್ಟುಕೊಂಡರೆ ಲೋಟಕ್ಕೆ ಎರಡು-ಮೂರು ಟೀ ಚಮಚ ಸಾಕು. ಇಲ್ಲವೇ ಬಿಸಿ ಮಾಚಾದಲ್ಲೇ ಸಕ್ಕರೆ ಕರಗಿಸಿ. ಬೆಲ್ಲ ಹಾಕಿದರೆ ಬಣ್ಣ ಕಂದು, ಸೋಯಾ ಹಾಲಾದರೆ ಒಡೆಯುವ ಸಂಭವವೂ ಇದೆ. ಜೇನು ವೀಗನ್ನರಿಗೆ ಆಗದು.

350 ಮಿಲಿ ಲೋಟಕ್ಕೆ ಮೊದಲು ಪಾಕ, ಮೇಲೆ 120 ಗ್ರಾಂ ಐಸ್, ಅದರ ಮೇಲೆ ಫ್ರಿಜ್ಜಿನಿಂದ ತೆಗೆದ 160 ಮಿಲಿ ಹಾಲು. ಕಡೆದ ಮಾಚಾವನ್ನು ಕೊನೆಗೆ ಐಸಿನ ಮೇಲೆ ನಿಧಾನ ಬಿಡಿ. ಹಸಿರು ಮೇಲೆ, ಬಿಳಿ ಕೆಳಗೆ ನಿಲ್ಲುತ್ತದೆ. ಫೋಟೋ ಆದ ಮೇಲೆ ಕಲಕಿಯೇ ಕುಡಿಯಬೇಕು. ನೀರನ್ನು 40 ಮಿಲಿಗೆ ನಿಲ್ಲಿಸಿ ಎಂದದ್ದು ಇದಕ್ಕೆ: 75 ಡಿಗ್ರಿಯ 40 ಮಿಲಿ ನೀರು ತಣ್ಣಗಾಗುವಷ್ಟರಲ್ಲಿ 30 ಗ್ರಾಂಗೂ ಮೀರಿ ಐಸ್ ಕರಗಿಸುತ್ತದೆ. 100 ಮಿಲಿ ಸುರಿದರೆ ಲೋಟದಲ್ಲಿರುವ ಐಸಿನ ಬಹುಪಾಲು ನೀರಾಗಿ ಲಾಟೆ ಸಪ್ಪೆ. ಕಡೆದ ಮೇಲೆ ಎರಡು ನಿಮಿಷ ಆರಲು ಬಿಟ್ಟರೆ ಇನ್ನೂ ಒಳ್ಳೆಯದು. ಪೂರ್ತಿ ತಣ್ಣೀರಲ್ಲೇ ಮಾಡುವವರಿಗೂ ತಡೆಯಿಲ್ಲ. ಕಹಿ ಇನ್ನೂ ಕಡಿಮೆ, ಪರಿಮಳ ಸ್ವಲ್ಪ ಮಂಕು, ಕಡೆಯುವ ಹೊತ್ತು ದುಪ್ಪಟ್ಟು.

ನಿಮ್ಮ ಪುಟದಲ್ಲಿ ‘ಮಕ್ಕಳಿಗೂ ಒಳ್ಳೆಯ ಬೇಸಿಗೆ ಪಾನೀಯ’ ಎಂದಿರುವ ಸಾಲನ್ನು ಒಪ್ಪಲಾಗದು. ಎಲೆಯನ್ನು ಸೋಸಿ ಬಿಸಾಡದೆ ಪೂರ್ತಿ ಕುಡಿಯುವ ಚಹಾ ಇದು, 2 ಗ್ರಾಂನಲ್ಲಿ ಸುಮಾರು 60 ಮಿಲಿಗ್ರಾಂ ಕೆಫೀನ್ ಇರಬಹುದು, ಪುಡಿಯ ಮೇಲೆ ಹೆಚ್ಚುಕಡಿಮೆ. ಗರ್ಭಿಣಿಯರಿಗೆ ದಿನದ ಕೆಫೀನ್ 200 ಮಿಲಿಗ್ರಾಂ ಒಳಗಿರಲಿ ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಬೆಳಿಗ್ಗೆ ಎರಡು ಲೋಟ ಫಿಲ್ಟರ್ ಕಾಫಿ ಆಗಲೇ ಒಳಗೆ ಹೋಗಿರುವ ಊರು ನಮ್ಮದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಹಾದ ಒಗರು ಸೊಪ್ಪು-ಕಾಳಿನ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುವುದರಿಂದ, ರಕ್ತಹೀನತೆ ಇರುವವರು ಊಟಕ್ಕೂ ಇದಕ್ಕೂ ಒಂದು ಗಂಟೆಯಾದರೂ ಅಂತರ ಕೊಡಲಿ. ಕಬ್ಬಿಣದ ಮಾತ್ರೆಯನ್ನಂತೂ ಇದರ ಜೊತೆ ನುಂಗಬಾರದು.

ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕುವಿರಾದರೆ ಪುಡಿಯನ್ನು ಗ್ರಾಂನಲ್ಲಿ, ನೀರನ್ನು ಡಿಗ್ರಿ ಮತ್ತು ಮಿಲಿಯಲ್ಲಿ ಕೊಡಿ. ತೆಂಗಿನಹಾಲಿನ ಜಾಗದಲ್ಲಿ ಗೋಡಂಬಿ ಹಾಲು ಎಂದು ಬದಲಿಸಿ. ಮಕ್ಕಳ ಮಾತನ್ನು ತೆಗೆದು ಕೆಫೀನಿನ ಒಂದು ಸಾಲು ಸೇರಿಸಿ.

ಇಂತಿ,
ಗೃಹವಿಜ್ಞಾನ ಉಪನ್ಯಾಸಕಿ,
ಹಾಸನ